ಕ್ರಿಪ್ಟೊ ಫ್ಯೂಚರ್ಸ್‌ನಲ್ಲಿ ಲಾಭ-ನಷ್ಟದ ಲೆಕ್ಕ: ಬಟನ್ ಒತ್ತುವ ಮೊದಲೇ ಹಾಕಿಕೊಳ್ಳಿ

ಕ್ರಿಪ್ಟೊ ಫ್ಯೂಚರ್ಸ್ ಅಂದರೆ ನಾಣ್ಯವನ್ನು ಕೈಗೆ ತೆಗೆದುಕೊಳ್ಳದೆ ಅದರ ಬೆಲೆಯ ಏರಿಳಿತದ ಮೇಲೆ ಮಾಡುವ ಒಪ್ಪಂದ. ಅದರ ಆ್ಯಪ್‌ನಲ್ಲಿ ಹಸಿರಾಗಿ ಕಾಣುವ ಅಂಕಿ ನಿಮ್ಮ ಲಾಭ ಅಲ್ಲ. ಅದರಿಂದ ಟ್ರೇಡಿಂಗ್ ಶುಲ್ಕ ಹೋಗಬೇಕು. ಆ ಶುಲ್ಕದ ಮೇಲೆ ಜಿಎಸ್‌ಟಿ ಹೋಗಬೇಕು. ಟ್ರೇಡ್ ತೆರೆದಿಟ್ಟವರು ಆಗಾಗ ಒಬ್ಬರಿಗೊಬ್ಬರು ಕಟ್ಟುವ ಫಂಡಿಂಗ್ ಹೋಗಬೇಕು. ಡಾಲರ್ ಲೆಕ್ಕ ರೂಪಾಯಿಗೆ ಇಳಿಯಬೇಕು. ಆಮೇಲೆ ತೆರಿಗೆ. ಇಷ್ಟೂ ಕಳೆದು ಬ್ಯಾಂಕ್ ಖಾತೆಗೆ ಎಷ್ಟು ಬಂತೋ ಅದು ಲಾಭ. ನಷ್ಟವಾದರೆ ಇದೇ ಖರ್ಚುಗಳು ನಷ್ಟದ ಮೇಲೆ ಬಂದು ಕೂರುತ್ತವೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಈ ಥರದ ಲೆಕ್ಕ ಹೊಸದೇನಲ್ಲ. 50 ಕೆಜಿ ಮೂಟೆ ಕಾಫಿಗೆ ಇವತ್ತು ಇಷ್ಟು ರೇಟು ಅಂದ ಕೂಡಲೇ ಅದನ್ನು ಮೂಟೆಗಳ ಸಂಖ್ಯೆಯಿಂದ ಗುಣಿಸಿ ಲಾಭ ಅಂತ ಯಾವ ಬೆಳೆಗಾರರೂ ಬರೆದುಕೊಳ್ಳುವುದಿಲ್ಲ. ಕೊಯ್ಲಿನ ಕೂಲಿ, ಗೊಬ್ಬರ, ಔಟ್‌ಟರ್ನ್ (ಸಂಸ್ಕರಿಸಿದಾಗ ಕಡಿಮೆಯಾಗುವ ತೂಕ), ಲಾರಿ ಬಾಡಿಗೆ ಎಲ್ಲ ಕಳೆಯುತ್ತಾರೆ. ಲಂಡನ್ ರೋಬಸ್ಟಾ, ನ್ಯೂಯಾರ್ಕ್ ಅರೇಬಿಕಾ ಫ್ಯೂಚರ್ಸ್ ಬೆಲೆ ಏನಾಯ್ತು ಅಂತ ವಿಚಾರಿಸುವುದು ಇಲ್ಲಿ ರೂಢಿಯ ಮಾತು. ಅದೇ ಮನೆಗಳ ಹುಡುಗರು ಫೋನಿನಲ್ಲಿ ಬಿಟ್‌ಕಾಯಿನ್ ಫ್ಯೂಚರ್ಸ್‌ಗೆ ಇಳಿದಾಗ ಮಾತ್ರ ಖರ್ಚು ಕಳೆಯುವ ಅಭ್ಯಾಸ ಎಲ್ಲೋ ತಪ್ಪಿಹೋಗುತ್ತದೆ. ಮೆಣಸು ಮಾರಿದ ದುಡ್ಡು, ಶುಂಠಿ ಮಾರಿದ ದುಡ್ಡು ಅಲ್ಲಿಗೆ ಹೋಗುತ್ತಿದೆ. ಹೋಗುವ ಮೊದಲು ಲೆಕ್ಕವಾದರೂ ಸರಿಯಾಗಿರಲಿ ಅನ್ನುವುದು ನನ್ನ ಕಾಳಜಿ.

ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅಂತ ಇಲ್ಲಿ ಹೇಳುವುದಿಲ್ಲ. ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತರೆ ಸಾಕು.

ಮೊದಲು ಪೊಸಿಷನ್‌ನ ಪೂರ್ತಿ ಮೌಲ್ಯ ಬರೆಯಿರಿ

ಒಬ್ಬ ಹುಡುಗ ಫೋನ್ ತೋರಿಸಿ, "ಅಣ್ಣ, 20 ಪರ್ಸೆಂಟ್ ಬಂದಿದೆ ನೋಡಿ" ಅಂದ. "ಕೈಗೆ ಎಷ್ಟು ರೂಪಾಯಿ ಬರುತ್ತೆ?" ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಆ ಥರದ್ದೇ ಒಂದು ಟ್ರೇಡನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಲೆಕ್ಕ ಸಲೀಸಾಗಲಿ ಅಂತ ಚಿಲ್ಲರೆ ಬಿಟ್ಟಿದ್ದೇನೆ.

ಬಿಟ್‌ಕಾಯಿನ್ ಬೆಲೆ 1,00,000 ಡಾಲರ್ ಇದ್ದಾಗ 0.02 ಬಿಟ್‌ಕಾಯಿನ್ ಲಾಂಗ್. ಅಂದರೆ ಬೆಲೆ ಏರುತ್ತದೆ ಅನ್ನುವ ನಂಬಿಕೆ. ಲೆವರೇಜ್, ಅಂದರೆ ಕೈಯಿಂದ ಹಾಕಿದ ದುಡ್ಡಿನ ಎಷ್ಟು ಪಟ್ಟು ದೊಡ್ಡ ಟ್ರೇಡ್ ಅನ್ನುವುದು, 10 ಪಟ್ಟು. ಡಾಲರಿನ ಜಾಗದಲ್ಲಿ ಬಳಸುವ ನಾಣ್ಯ ಯುಎಸ್‌ಡಿಟಿ. ಒಂದು ಯುಎಸ್‌ಡಿಟಿಗೆ 90 ರೂಪಾಯಿ ಅಂದುಕೊಳ್ಳೋಣ. ನೀವು ಲೆಕ್ಕ ಹಾಕುವ ದಿನ ಅವತ್ತಿನ ರೇಟು ಹಾಕಿಕೊಳ್ಳಿ.

ಪೊಸಿಷನ್ ಅಂದರೆ ನೀವು ತೆರೆದಿಟ್ಟ ಟ್ರೇಡ್. ಪೊಸಿಷನ್ ಮೌಲ್ಯ = ಬೆಲೆ × ಪ್ರಮಾಣ. 1,00,000 × 0.02 = 2,000 ಯುಎಸ್‌ಡಿಟಿ, ಅಂದರೆ 1,80,000 ರೂಪಾಯಿ.

ಮಾರ್ಜಿನ್ = ಪೊಸಿಷನ್ ಮೌಲ್ಯ ÷ ಲೆವರೇಜ್. 2,000 ÷ 10 = 200 ಯುಎಸ್‌ಡಿಟಿ, ಅಂದರೆ 18,000 ರೂಪಾಯಿ.

ಜೇಬಿನಿಂದ ಹೋಗಿದ್ದು 18,000. ಆದರೆ ನೀವು ವ್ಯವಹಾರ ಮಾಡುತ್ತಿರುವುದು 1,80,000 ರೂಪಾಯಿಯ ಮೇಲೆ. ಶುಲ್ಕ ಬೀಳುವುದು ಈ ದೊಡ್ಡ ಮೊತ್ತದ ಮೇಲೆ. ಫಂಡಿಂಗ್ ಬೀಳುವುದೂ ಅದರ ಮೇಲೆಯೇ. ಲಾಭ-ನಷ್ಟ ಹುಟ್ಟುವುದೂ ಅದರಿಂದಲೇ. ಮಾರ್ಜಿನ್ ಬರೀ ಅಡವು. ಈ ಒಂದು ವಿಷಯ ತಲೆಯಲ್ಲಿ ಗಟ್ಟಿಯಾದರೆ ಮುಂದಿನ ಲೆಕ್ಕ ಯಾವುದೂ ಕಷ್ಟ ಅಲ್ಲ.

ಬರೀ ಬೆಲೆಯ ಲಾಭ-ನಷ್ಟ

ಲಾಂಗ್ ಆದರೆ: (ಮಾರಿದ ಬೆಲೆ − ಕೊಂಡ ಬೆಲೆ) × ಪ್ರಮಾಣ.

ಶಾರ್ಟ್ ಆದರೆ, ಅಂದರೆ ಬೆಲೆ ಇಳಿಯುತ್ತದೆ ಅಂತ ಮೊದಲು ಮಾರಿ ಆಮೇಲೆ ಕೊಳ್ಳುವುದಾದರೆ: (ಮೊದಲು ಮಾರಿದ ಬೆಲೆ − ಆಮೇಲೆ ಕೊಂಡ ಬೆಲೆ) × ಪ್ರಮಾಣ.

ನಮ್ಮ ಲಾಂಗ್ ಟ್ರೇಡಿನ ಗುರಿ 1,02,000. ಲಾಭ 2,000 × 0.02 = 40 ಯುಎಸ್‌ಡಿಟಿ. ಮಾರ್ಜಿನ್ 200 ಇರುವುದರಿಂದ ಆ್ಯಪ್ ಇದನ್ನು 20% ಅಂತ ತೋರಿಸುತ್ತದೆ. ಬಿಟ್‌ಕಾಯಿನ್ ಏರಿದ್ದು 2% ಮಾತ್ರ. ಸ್ಟಾಪ್ ಲಾಸ್, ಅಂದರೆ ಬೆಲೆ ಇಳಿದರೆ ನಷ್ಟವನ್ನು ಅಲ್ಲಿಗೇ ನಿಲ್ಲಿಸಲು ತಾನಾಗಿ ಮಾರುವ ಆರ್ಡರ್, 99,000ಕ್ಕೆ ಇಟ್ಟಿದ್ದೇವೆ. ಅಲ್ಲಿ ಮುಗಿದರೆ ನಷ್ಟ 1,000 × 0.02 = 20 ಯುಎಸ್‌ಡಿಟಿ.

ಗಮನಿಸಿ, ಈ ಸೂತ್ರದಲ್ಲಿ ಲೆವರೇಜ್ ಎಲ್ಲೂ ಬರಲಿಲ್ಲ. 0.02 ಬಿಟ್‌ಕಾಯಿನ್ ಹಿಡಿದವರಿಗೆ 5 ಪಟ್ಟು ಇರಲಿ, 50 ಪಟ್ಟು ಇರಲಿ, 40 ಯುಎಸ್‌ಡಿಟಿ ಅಂದರೆ 40 ಯುಎಸ್‌ಡಿಟಿಯೇ. ಬದಲಾಗುವುದು ಶೇಕಡಾ ಲೆಕ್ಕ ಮತ್ತು ಲಿಕ್ವಿಡೇಷನ್ ಬೆಲೆ (ನಷ್ಟ ಜಾಸ್ತಿಯಾಗಿ ಎಕ್ಸ್‌ಚೇಂಜ್ ತಾನೇ ಪೊಸಿಷನ್ ಮುಚ್ಚುವ ಬೆಲೆ). ಹಾಗಾಗಿ ಶೇಕಡಾ ನೋಡಬೇಡಿ. ರೂಪಾಯಿ ನೋಡಿ.

ಪೊಸಿಷನ್ ತೆರೆದಿರುವಾಗ ಕಾಣುವ ಲಾಭವನ್ನು ಸಾಮಾನ್ಯವಾಗಿ ಮಾರ್ಕ್ ಪ್ರೈಸ್ ಮೇಲೆ ಲೆಕ್ಕ ಹಾಕಿರುತ್ತಾರೆ. ಅದು ಬೇರೆ ಬೇರೆ ಮಾರುಕಟ್ಟೆಗಳ ಬೆಲೆ ನೋಡಿ ಎಕ್ಸ್‌ಚೇಂಜ್ ಕಟ್ಟುವ ಬೆಲೆ. ನೀವು ನಿಜವಾಗಿ ಮಾರುವ ಬೆಲೆ ಇದಕ್ಕಿಂತ ಸ್ವಲ್ಪ ಆಚೀಚೆ ಇರಬಹುದು.

ಶುಲ್ಕ: ಎರಡು ಸಲ, ಜೊತೆಗೆ ಜಿಎಸ್‌ಟಿ

ಶುಲ್ಕ ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಇನ್ನೊಂದು ಸಲ. ಸಿಕ್ಕ ಬೆಲೆಗೆ ತಕ್ಷಣ ಆಗುವ ಮಾರ್ಕೆಟ್ ಆರ್ಡರ್ ಹಾಕಿದರೆ ಟೇಕರ್ ಶುಲ್ಕ. ನೀವು ಹೇಳಿದ ಬೆಲೆಗೆ ಹಾಕಿದ ಲಿಮಿಟ್ ಆರ್ಡರ್ ಎಕ್ಸ್‌ಚೇಂಜ್‌ನ ಆರ್ಡರ್ ಪುಸ್ತಕದಲ್ಲಿ ಕಾದು ಕೂತು ಆಮೇಲೆ ಪೂರ್ತಿಯಾದರೆ ಮೇಕರ್ ಶುಲ್ಕ, ಅದು ಸಾಮಾನ್ಯವಾಗಿ ಕಡಿಮೆ. ನಿಮ್ಮ ಎಕ್ಸ್‌ಚೇಂಜ್‌ನ ದರ ಎಷ್ಟು ಅಂತ ಅವರ ಶುಲ್ಕದ ಪುಟದಲ್ಲೇ ನೋಡಿ. ಇಲ್ಲಿ ಟೇಕರ್ 0.05% ಅಂತ ಹಿಡಿಯುತ್ತೇನೆ. ಶುಲ್ಕದ ಮೇಲೆ 18% ಜಿಎಸ್‌ಟಿ.

ಒಳಗೆ: 2,000ರ 0.05% = 1.00 ಯುಎಸ್‌ಡಿಟಿ.
ಹೊರಗೆ: 2,040ರ 0.05% = 1.02.
ಎರಡೂ ಸೇರಿ 2.02. ಜಿಎಸ್‌ಟಿ 0.36. ಒಟ್ಟು 2.38 ಯುಎಸ್‌ಡಿಟಿ.

40ರಲ್ಲಿ 2.38 ಹೋದರೆ ಏನು ಮಹಾ ಅನ್ನಿಸಬಹುದು. ಆದರೆ ಇದೇ ಟ್ರೇಡಿನ ಗುರಿಯನ್ನು 1,00,200ಕ್ಕೆ ಇಟ್ಟು ನೋಡಿ. ದಿನಕ್ಕೆ ಹತ್ತಾರು ಸಲ ಸಣ್ಣ ಸಣ್ಣ ಲಾಭ ಹೊಡೆಯಲು ಹೋಗುವವರು ಮಾಡುವುದು ಇದನ್ನೇ. ಬೆಲೆಯ ಲಾಭ 200 × 0.02 = 4 ಯುಎಸ್‌ಡಿಟಿ. ಶುಲ್ಕ ಮತ್ತು ಜಿಎಸ್‌ಟಿ ಸೇರಿ 2.36. ಉಳಿದದ್ದು 1.64. ಗೆದ್ದ ಟ್ರೇಡಿನಲ್ಲೇ ಅರ್ಧಕ್ಕಿಂತ ಜಾಸ್ತಿ ಶುಲ್ಕಕ್ಕೆ ಹೋಯಿತು. ಸೋತ ಟ್ರೇಡಿನ ಶುಲ್ಕ ಬೇರೆ ಇದೆ.

ಹಾಗಾಗಿ ಪ್ರತಿ ಟ್ರೇಡಿಗೂ "ಅಸಲು ಬೆಲೆ" ಒಂದು ಬರೆದಿಟ್ಟುಕೊಳ್ಳಿ. ಈ ದರದಲ್ಲಿ ಹೋಗಿ ಬರುವ ಖರ್ಚು ಸುಮಾರು 0.118%. 1,00,000ಕ್ಕೆ ಕೊಂಡರೆ 1,00,118 ದಾಟುವ ತನಕ ನೀವು ನಷ್ಟದಲ್ಲೇ ಇದ್ದೀರಿ. ಬೆಲೆ ಕೊಂಡಲ್ಲಿಗೇ ವಾಪಸ್ ಬಂದಾಗ "ಸರಿಸಮ ಆಯ್ತು" ಅಂತ ಹೊರಬರುವವರು ನಿಜವಾಗಿ ದುಡ್ಡು ಕೊಟ್ಟು ಬಂದಿರುತ್ತಾರೆ.

ಫಂಡಿಂಗ್: ಗಡಿಯಾರ ನೋಡಿ

ಹೆಚ್ಚಿನವರು ಟ್ರೇಡ್ ಮಾಡುವುದು ಪರ್ಪೆಚುಯಲ್ ಫ್ಯೂಚರ್ಸ್. ಬಿಟ್‌ಮೆಕ್ಸ್ 2016ರಲ್ಲಿ ಇದನ್ನು ಕ್ರಿಪ್ಟೊ ಮಾರುಕಟ್ಟೆಗೆ ತಂದಿತು. ಕಾಫಿ ಫ್ಯೂಚರ್ಸ್‌ಗೆ ಇರುವ ಹಾಗೆ ಇದಕ್ಕೆ ಮುಗಿಯುವ ತಿಂಗಳು ಇಲ್ಲ. ಮುಗಿಯುವ ದಿನವೇ ಇಲ್ಲದಿದ್ದರೆ ಫ್ಯೂಚರ್ಸ್ ಬೆಲೆ ನಿಜವಾದ ಬೆಲೆಯಿಂದ ದೂರ ಹೋಗಿಬಿಡಬಹುದಲ್ವಾ? ಅದನ್ನು ಹಿಡಿದಿಡಲು ಫಂಡಿಂಗ್ ಇದೆ. ಫ್ಯೂಚರ್ಸ್ ಬೆಲೆ ಮೇಲಿದ್ದರೆ ಸಾಮಾನ್ಯವಾಗಿ ದರ ಪ್ಲಸ್ ಇರುತ್ತದೆ, ಲಾಂಗ್ ಇರುವವರು ಶಾರ್ಟ್ ಇರುವವರಿಗೆ ಕೊಡಬೇಕು. ದರ ಮೈನಸ್ ಆದರೆ ಉಲ್ಟಾ.

ಅನೇಕ ಎಕ್ಸ್‌ಚೇಂಜ್‌ಗಳಲ್ಲಿ ಇದು 8 ಗಂಟೆಗೊಮ್ಮೆ. ನಮ್ಮ ಸಮಯದಲ್ಲಿ ಬೆಳಗ್ಗೆ 5:30, ಮಧ್ಯಾಹ್ನ 1:30, ರಾತ್ರಿ 9:30. ಆ ಹೊತ್ತಿಗೆ ಪೊಸಿಷನ್ ತೆರೆದಿದ್ದರೆ ಮಾತ್ರ ಲೆಕ್ಕ. ರಾತ್ರಿ 9:25ಕ್ಕೆ ಲಾಂಗ್ ತೆಗೆದುಕೊಂಡು 9:35ಕ್ಕೆ ಮುಗಿಸಿದರೂ ಪೂರ್ತಿ ಒಂದು ಫಂಡಿಂಗ್ ಕಟ್ಟಬೇಕಾಗುತ್ತದೆ. ಕೆಲವು ನಾಣ್ಯಗಳಿಗೆ 4 ಗಂಟೆಗೊಮ್ಮೆ, ಗಂಟೆಗೊಮ್ಮೆಯೂ ಇರುತ್ತದೆ. ಆರ್ಡರ್ ಹಾಕುವ ಪರದೆಯಲ್ಲೇ ದರ ಮತ್ತು ಉಳಿದ ಸಮಯ ಕಾಣುತ್ತದೆ.

ಫಂಡಿಂಗ್ = ಪೊಸಿಷನ್ ಮೌಲ್ಯ × ದರ × ಎಷ್ಟು ಸಲ.

ದರ 0.01% ಇದ್ದು ಮೂರು ದಿನ ಹಿಡಿದರೆ 9 ಸಲ. 2,000 × 0.01% × 9 = 1.80 ಯುಎಸ್‌ಡಿಟಿ. ದರ ಪ್ರತಿ ಸಲ ಬದಲಾಗುತ್ತದೆ, ಹಾಗಾಗಿ ಇದು ಅಂದಾಜು. ಎಲ್ಲರೂ ಲಾಂಗ್ ಕಡೆ ಮುಗಿಬಿದ್ದ ದಿನಗಳಲ್ಲಿ ದರ ಇದರ ಹಲವು ಪಟ್ಟು ಆಗುತ್ತದೆ. ಅಂಥ ಹೊತ್ತಿನಲ್ಲಿ ವಾರಗಟ್ಟಲೆ ಹಿಡಿಯುವ ಯೋಚನೆ ಇದ್ದರೆ ಮೊದಲು ಫಂಡಿಂಗ್ ಲೆಕ್ಕ ಹಾಕಿ, ಆಮೇಲೆ ಉಳಿದದ್ದು.

ಈಗ ಎರಡೂ ಕಡೆ ಕೂಡಿಸೋಣ

ಗುರಿ ಮುಟ್ಟಿದರೆ: 40 − 2.38 − 1.80 = 35.82 ಯುಎಸ್‌ಡಿಟಿ. ರೂಪಾಯಿಯಲ್ಲಿ ಸುಮಾರು 3,224.

ಸ್ಟಾಪ್ ಹೊಡೆದರೆ: ಬೆಲೆಯ ನಷ್ಟ 20. ಶುಲ್ಕ ಮತ್ತು ಜಿಎಸ್‌ಟಿ 2.35. ಅಷ್ಟೇ ದಿನ ಹಿಡಿದಿದ್ದರೆ ಫಂಡಿಂಗ್ 1.80. ಒಟ್ಟು 24.15 ಯುಎಸ್‌ಡಿಟಿ, ಸುಮಾರು 2,174 ರೂಪಾಯಿ.

ಚಾರ್ಟ್ ಮೇಲೆ ಗೆರೆ ಎಳೆದಾಗ 40ಕ್ಕೆ 20, ಅಂದರೆ ಒಂದಕ್ಕೆ ಎರಡು ಅಂತ ಕಂಡಿತ್ತು. ನಿಜವಾದ ಲೆಕ್ಕ ಒಂದಕ್ಕೆ ಒಂದೂವರೆಗಿಂತ ತುಸು ಕಡಿಮೆ. ಒಂದಕ್ಕೆ ಎರಡು ಇದ್ದಿದ್ದರೆ ಮೂರರಲ್ಲಿ ಒಂದು ಟ್ರೇಡ್ ಗೆದ್ದರೂ ಅಸಲು ಬರುತ್ತಿತ್ತು. ಈಗ 100ರಲ್ಲಿ 40ಕ್ಕಿಂತ ಜಾಸ್ತಿ ಗೆಲ್ಲಬೇಕು. ಇದನ್ನು ಲೆಕ್ಕ ಹಾಕುವುದು ಸುಲಭ: ನಷ್ಟವನ್ನು ಲಾಭ ಮತ್ತು ನಷ್ಟದ ಮೊತ್ತದಿಂದ ಭಾಗಿಸಿ. 24.15 ÷ 59.97 = 40.3%. ನಿಮ್ಮ ಹಿಂದಿನ ಟ್ರೇಡುಗಳಲ್ಲಿ ಎಷ್ಟು ಗೆದ್ದಿದ್ದೀರಿ ಅಂತ ಹಿಸ್ಟರಿ ತೆಗೆದು ನೋಡಿ. ಅದು ಇದಕ್ಕಿಂತ ಕಡಿಮೆ ಇದ್ದರೆ ಈ ಟ್ರೇಡ್ ಬೇಡ.

ಗೆಲ್ಲುವುದು ಎಷ್ಟು ಕಷ್ಟ ಅನ್ನುವುದಕ್ಕೆ ಷೇರು ಮಾರುಕಟ್ಟೆಯ ಒಂದು ಲೆಕ್ಕ ಇದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಮೂರು ವರ್ಷದಲ್ಲಿ 93% ಜನಸಾಮಾನ್ಯ ಟ್ರೇಡರ್‌ಗಳು ನಷ್ಟ ಮಾಡಿಕೊಂಡಿದ್ದರು. ಅದು ಸೆಬಿ ಕಣ್ಣಿಟ್ಟಿರುವ ಮಾರುಕಟ್ಟೆ. ಕ್ರಿಪ್ಟೊ ಫ್ಯೂಚರ್ಸ್ ಸೆಬಿ ವ್ಯಾಪ್ತಿಯಲ್ಲೇ ಇಲ್ಲ.

ಲಿಕ್ವಿಡೇಷನ್ ಬೆಲೆ ಸ್ಟಾಪ್‌ಗಿಂತ ಆಚೆ ಇದೆಯಾ?

ನಷ್ಟ ನಿಮ್ಮ ಮಾರ್ಜಿನ್ ತಿನ್ನುತ್ತಾ ಬಂದು ಆ ಮಾರ್ಜಿನ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಎಕ್ಸ್‌ಚೇಂಜ್ ತಾನೇ ಪೊಸಿಷನ್ ಮುಚ್ಚುತ್ತದೆ. ಆ ಮಟ್ಟಕ್ಕೆ ಮೆಂಟೆನೆನ್ಸ್ ಮಾರ್ಜಿನ್ ಅನ್ನುತ್ತಾರೆ. ಅದು 0.5% ಅಂತ ಇಟ್ಟುಕೊಂಡರೆ, ಐಸೊಲೇಟೆಡ್ ಮಾರ್ಜಿನ್‌ನಲ್ಲಿ (ಆ ಟ್ರೇಡಿಗೆ ಹಾಕಿದ ಮಾರ್ಜಿನ್ ಮಾತ್ರ ಅಡವಿಗೆ ನಿಲ್ಲುವ ಪದ್ಧತಿ) ಲಾಂಗ್‌ಗೆ ಅಂದಾಜು ಸೂತ್ರ ಹೀಗಿದೆ:

ಕೊಂಡ ಬೆಲೆ × (1 − 1 ÷ ಲೆವರೇಜ್) ÷ (1 − 0.005).

10 ಪಟ್ಟು: 90,000 ÷ 0.995 = 90,452.
50 ಪಟ್ಟು: 98,000 ÷ 0.995 = 98,492.
100 ಪಟ್ಟು: 99,000 ÷ 0.995 = 99,497.

ನಮ್ಮ ಸ್ಟಾಪ್ 99,000ದಲ್ಲಿದೆ. 10 ಪಟ್ಟಿನಲ್ಲಿ ಧಾರಾಳ ಜಾಗ ಇದೆ. 50ರಲ್ಲಿ ಸುಮಾರು 500 ಡಾಲರ್ ಅಂತರ ಮಾತ್ರ. 100 ಪಟ್ಟಿನಲ್ಲಿ ಆ ಸ್ಟಾಪ್ ಇದ್ದೂ ಇಲ್ಲದ ಹಾಗೆ. ಬೆಲೆ ಅಲ್ಲಿಗೆ ಮುಟ್ಟುವ ಮೊದಲೇ ಪೊಸಿಷನ್ ಹೋಗಿರುತ್ತದೆ. ಲಿಕ್ವಿಡೇಷನ್‌ಗೆ ಬೇರೆ ಶುಲ್ಕವೂ ಬೀಳಬಹುದು. ಶಾರ್ಟ್‌ಗಾದರೆ ಎರಡು ಕಡೆಯೂ ಕಳೆಯುವ ಬದಲು ಕೂಡಿ: 10 ಪಟ್ಟಿನಲ್ಲಿ 1,10,000 ÷ 1.005 = 1,09,453.

ಕ್ರಾಸ್ ಮಾರ್ಜಿನ್‌ನಲ್ಲಿ ಫ್ಯೂಚರ್ಸ್ ವ್ಯಾಲೆಟ್‌ನ ಪೂರ್ತಿ ದುಡ್ಡು ಅಡವಿಗೆ ನಿಲ್ಲುತ್ತದೆ. ಲಿಕ್ವಿಡೇಷನ್ ದೂರ ಹೋಗುತ್ತದೆ, ಆದರೆ ಆದಾಗ ಎಲ್ಲವೂ ಹೋಗುತ್ತದೆ. ಹೊಸಬರಿಗೆ ಐಸೊಲೇಟೆಡ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ನಷ್ಟದಿಂದ ಹಿಂದಕ್ಕೆ ಲೆಕ್ಕ ಹಾಕಿ

ಇದೇ ಇಡೀ ಕೆಲಸದ ಜೀವಾಳ. ಎಷ್ಟು ಗಳಿಸಬಹುದು ಅಂತ ಶುರು ಮಾಡಬೇಡಿ. ಈ ಟ್ರೇಡ್ ಕೆಟ್ಟರೆ ಎಷ್ಟು ರೂಪಾಯಿ ಹೋದರೆ ಮನೆಗೆ ತೊಂದರೆ ಇಲ್ಲ ಅಂತ ಕೇಳಿಕೊಳ್ಳಿ. 1,000 ರೂಪಾಯಿ ಅಂದುಕೊಳ್ಳೋಣ. ಅದು 11.11 ಯುಎಸ್‌ಡಿಟಿ.

ಈಗ ಪೂರ್ತಿ ಒಂದು ಬಿಟ್‌ಕಾಯಿನ್‌ಗೆ ಎಷ್ಟು ನಷ್ಟ ಅಂತ ನೋಡಿ. ಕೊಂಡ ಬೆಲೆಯಿಂದ ಸ್ಟಾಪ್‌ವರೆಗೆ 1,000. ಎರಡು ಕಡೆಯ ಶುಲ್ಕ ಮತ್ತು ಜಿಎಸ್‌ಟಿ ಸುಮಾರು 117. ಮೂರು ದಿನದ ಫಂಡಿಂಗ್ 90. ಒಟ್ಟು 1,207.

ಪ್ರಮಾಣ = 11.11 ÷ 1,207 = 0.0092 ಬಿಟ್‌ಕಾಯಿನ್.

ಆ್ಯಪ್ 0.001ರ ಲೆಕ್ಕದಲ್ಲೇ ಆರ್ಡರ್ ತೆಗೆದುಕೊಳ್ಳುವುದಾದರೆ 0.009 ಹಾಕಿ. ಮೇಲಕ್ಕೆ ಏರಿಸಿ 0.010 ಮಾಡಬೇಡಿ. ನೋಡಿ, ಹುಡುಗನ 0.02 ಎಲ್ಲಿ, ಇದು ಎಲ್ಲಿ! 1,000 ರೂಪಾಯಿ ಮಾತ್ರ ಹೋಗಲಿ ಅಂದುಕೊಂಡವನು ಅದರ ಎರಡು ಪಟ್ಟಿಗಿಂತ ಜಾಸ್ತಿ ಒಡ್ಡಿಕೊಂಡಿದ್ದ. ಲೆವರೇಜ್ ಎಷ್ಟು ಅನ್ನುವುದು ಪ್ರಮಾಣ ಗೊತ್ತಾದ ಮೇಲಿನ ಪ್ರಶ್ನೆ: ಲಿಕ್ವಿಡೇಷನ್ ಬೆಲೆ ಸ್ಟಾಪ್‌ನಿಂದ ಸಾಕಷ್ಟು ದೂರ ಉಳಿಯುವಷ್ಟು ಇದ್ದರಾಯಿತು.

ಇದಕ್ಕೂ ಸ್ವಲ್ಪ ಅಂಚು ಬಿಡಿ. ಸ್ಟಾಪ್ 99,000ಕ್ಕೆ ಇದ್ದರೂ ಬೆಲೆ ಜೋರಾಗಿ ಬೀಳುವಾಗ 98,900ಕ್ಕೆ ಮಾರಾಟ ಆಗಬಹುದು. 2025ರ ಅಕ್ಟೋಬರ್ 10ರ ಕುಸಿತ ನೆನಪಿರಬಹುದು. ಅಮೆರಿಕ ಚೀನಾದ ಮೇಲೆ ಹೊಸ ಸುಂಕ ಘೋಷಿಸಿದ ಬೆನ್ನಿಗೆ, ನಮ್ಮಲ್ಲಿ ನಡುರಾತ್ರಿ ಕಳೆದು ಎಲ್ಲರೂ ಮಲಗಿದ್ದ ಹೊತ್ತಲ್ಲಿ, ಬೆಲೆಗಳು ಪಾತಾಳಕ್ಕೆ ಇಳಿದವು. ಒಂದು ದಿನದಲ್ಲಿ 1,900 ಕೋಟಿ ಡಾಲರ್‌ಗೂ ಜಾಸ್ತಿ ಮೌಲ್ಯದ ಪೊಸಿಷನ್‌ಗಳು ಲಿಕ್ವಿಡೇಟ್ ಆದವು ಅಂತ ವರದಿಯಾಯಿತು. ಲಾಭದಲ್ಲಿದ್ದ ಕೆಲವರ ಶಾರ್ಟ್ ಪೊಸಿಷನ್‌ಗಳನ್ನೂ ಎಕ್ಸ್‌ಚೇಂಜ್‌ಗಳು ತಾವಾಗಿ ಮುಚ್ಚಿದವು. ಅಂಥ ರಾತ್ರಿ ಕಾಗದದ ಲೆಕ್ಕ ನಿಲ್ಲುವುದಿಲ್ಲ. ವ್ಯಾಲೆಟ್‌ನಲ್ಲಿ ಇಡುವ ಒಟ್ಟು ದುಡ್ಡೇ ಕಡಿಮೆ ಇರಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಜುಲೈ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಟವರ್ ಕೂಡ ಸ್ವಲ್ಪ ಹೊತ್ತಿಗೆ ಮಲಗುತ್ತದೆ. ಕಳಸ, ಕೊಪ್ಪ, ಸಕಲೇಶಪುರದ ಒಳಗಿನ ತೋಟಗಳಲ್ಲಿರುವವರಿಗೆ ಇದು ಗೊತ್ತಿರುವುದೇ. "ಬೆಲೆ ಅಲ್ಲಿಗೆ ಬಂದರೆ ಮುಚ್ಚುತ್ತೇನೆ" ಅನ್ನುವುದು ಸ್ಟಾಪ್ ಲಾಸ್ ಅಲ್ಲ. ಪೊಸಿಷನ್ ತೆರೆಯುವಾಗಲೇ ಸ್ಟಾಪ್ ಆರ್ಡರ್ ಎಕ್ಸ್‌ಚೇಂಜ್‌ನಲ್ಲಿ ಕೂತಿರಬೇಕು. ಅದಕ್ಕೆ "ರೆಡ್ಯೂಸ್ ಓನ್ಲಿ" (ಇರುವ ಪೊಸಿಷನ್ ಕಡಿಮೆ ಮಾಡಲು ಮಾತ್ರ) ಗುರುತು ಹಾಕಿ. ಇಲ್ಲದಿದ್ದರೆ ಗುರಿ ಮುಟ್ಟಿ ಪೊಸಿಷನ್ ಮುಗಿದ ಮೇಲೂ ಆ ಸ್ಟಾಪ್ ಉಳಿದುಕೊಂಡು, ಬೆಲೆ ಇಳಿದಾಗ ನಿಮಗೆ ಗೊತ್ತಿಲ್ಲದೆ ಹೊಸ ಶಾರ್ಟ್ ತೆರೆಯಬಹುದು.

ಮಧ್ಯದಲ್ಲಿ ಇನ್ನಷ್ಟು ಕೊಂಡರೆ

1,00,000ಕ್ಕೆ 0.01 ಕೊಂಡಿರಿ. ಬೆಲೆ 98,000ಕ್ಕೆ ಇಳಿದಾಗ ಇನ್ನೂ 0.03 ಕೊಂಡಿರಿ. ಸರಾಸರಿ 99,000 ಅಂತ ಸುಮ್ನೆ ಅಂದುಕೊಳ್ಳಬೇಡಿ. (1,00,000 × 0.01 + 98,000 × 0.03) ÷ 0.04 = 98,500. ಸರಾಸರಿ ಇಳಿಯಿತು ಅಂತ ಸಮಾಧಾನ ಆಗಬಹುದು, ಆದರೆ ಬೆಲೆ ಇನ್ನು 1,000 ಡಾಲರ್ ಇಳಿದರೆ ಮೊದಲು 10 ಯುಎಸ್‌ಡಿಟಿ ಹೋಗುತ್ತಿದ್ದ ಕಡೆ ಈಗ 40 ಹೋಗುತ್ತದೆ. ಹೀಗೆ ಸೇರಿಸಿದಾಗೆಲ್ಲ ಲಿಕ್ವಿಡೇಷನ್ ಬೆಲೆ ಮತ್ತು ಒಟ್ಟು ನಷ್ಟವನ್ನು ಹೊಸದಾಗಿ ಬರೆಯಿರಿ.

ಯುಎಸ್‌ಡಿಟಿ ಬದಲು ಬಿಟ್‌ಕಾಯಿನನ್ನೇ ಅಡವಿಡುವ ಕಾಯಿನ್ ಮಾರ್ಜಿನ್ ಒಪ್ಪಂದಗಳಿಗೆ ಮೇಲಿನ ಸೂತ್ರ ಹೊಂದುವುದಿಲ್ಲ. ಅಲ್ಲಿ ಲಾಭ-ನಷ್ಟ ಬಿಟ್‌ಕಾಯಿನ್‌ನಲ್ಲೇ ಬರುತ್ತದೆ: ಡಾಲರ್ ಮೌಲ್ಯ × (1 ÷ ಕೊಂಡ ಬೆಲೆ − 1 ÷ ಮಾರಿದ ಬೆಲೆ). 2,000 ಡಾಲರ್‌ನ ಲಾಂಗ್ ಇದ್ದು ಬೆಲೆ 1,20,000ಕ್ಕೆ ಏರಿದರೆ 0.0033 ಬಿಟ್‌ಕಾಯಿನ್ ಲಾಭ. 80,000ಕ್ಕೆ ಇಳಿದರೆ 0.005 ನಷ್ಟ. ಏರಿದ್ದೂ ಇಳಿದದ್ದೂ 20,000ವೇ, ಆದರೆ ನಷ್ಟ ಒಂದೂವರೆ ಪಟ್ಟು. ಇದರ ಸಹವಾಸ ಶುರುವಿನಲ್ಲಿ ಬೇಡ.

ರೂಪಾಯಿಗೆ ಇಳಿಸುವಾಗ

ಯುಎಸ್‌ಡಿಟಿ ಕೊಳ್ಳುವ ರೇಟು ಬೇರೆ, ಮಾರುವ ರೇಟು ಬೇರೆ. 92ಕ್ಕೆ ಕೊಂಡು 90ಕ್ಕೆ ಮಾರಬೇಕಾಯಿತು ಅಂದುಕೊಳ್ಳಿ. 18,400 ರೂಪಾಯಿ ಹಾಕಿ 200 ಯುಎಸ್‌ಡಿಟಿ ತಂದು, ಒಂದೂ ಟ್ರೇಡ್ ಮಾಡದೆ ವಾಪಸ್ ತೆಗೆದರೂ 400 ಹೋಯಿತು. ಮೇಲಿನ 3,224ರಲ್ಲಿ ಇದನ್ನೂ ಕಳೆಯಿರಿ. 2,824 ಉಳಿಯಿತು. ಇದರ ಜೊತೆಗೆ 2022ರ ಜುಲೈ 1ರಿಂದ ಜಾರಿಯಾದ 1% ಟಿಡಿಎಸ್ ಯುಎಸ್‌ಡಿಟಿ ಮಾರುವಾಗ ಹಿಡಿಯುತ್ತಾರೆ. 235.82 ಯುಎಸ್‌ಡಿಟಿ ಮಾರಿದರೆ ಸುಮಾರು 212 ರೂಪಾಯಿ. ರಿಟರ್ನ್ ಸಲ್ಲಿಸುವಾಗ ಇದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯ ತನಕ ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ.

ರೂಪಾಯಿಯನ್ನೇ ಮಾರ್ಜಿನ್ ಆಗಿ ತೆಗೆದುಕೊಳ್ಳುವ ಭಾರತೀಯ ಎಕ್ಸ್‌ಚೇಂಜ್‌ಗಳೂ ಇವೆ. ಅಲ್ಲಿ ಒಳಗೊಳಗೇ ಯಾವ ರೇಟಿನಲ್ಲಿ ಬದಲಾಯಿಸುತ್ತಾರೆ ಅಂತ ನೋಡಿಕೊಳ್ಳಿ.

ತೆರಿಗೆ

ಕ್ರಿಪ್ಟೊ ನಾಣ್ಯ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30% ತೆರಿಗೆ, ಅದರ ಮೇಲೆ 4% ಸೆಸ್. ಕೂಡಿದರೆ 31.2%. ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲು ಬಿಡುವುದಿಲ್ಲ. ಫ್ಯೂಚರ್ಸ್‌ನಲ್ಲಿ ನಾಣ್ಯ ಕೈ ಬದಲಾಗುವುದಿಲ್ಲವಾದ್ದರಿಂದ ಅದನ್ನು ವ್ಯಾಪಾರದ ಆದಾಯ ಅಂತ ತೋರಿಸಬಹುದು ಅನ್ನುವ ಸಿಎಗಳಿದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನಿಮ್ಮ ಮನೆಯ ಲೆಕ್ಕ ನೋಡುವ ಸಿಎ ಹತ್ತಿರ ಕೂತು ಒಂದು ನಿರ್ಧಾರ ಮಾಡಿ. ಅಂದಾಜು ಹಾಕುವಾಗ ಮಾತ್ರ 31.2% ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಹಾಗೆ ನೋಡಿದರೆ 2,824ರಲ್ಲಿ ಉಳಿಯುವುದು ಸುಮಾರು 1,943. ಶುಲ್ಕ, ಫಂಡಿಂಗ್‌ಗಳನ್ನು ಲಾಭದಿಂದ ಕಳೆಯಲು ಬಿಡದಿದ್ದರೆ ಇನ್ನೂ ಕಡಿಮೆ. ಫೋನಿನಲ್ಲಿ ಕಂಡಿದ್ದು 3,600.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಈ ದುಡ್ಡನ್ನೂ ಅದರೊಳಗೆ ಸೇರಿಸುವ ಯೋಚನೆ ಯಾರಾದರೂ ಹೇಳಿಕೊಟ್ಟರೆ ಕಿವಿಗೊಡಬೇಡಿ. ಟಿಡಿಎಸ್ ಹಿಡಿದ ಕೂಡಲೇ ಅದು ನಿಮ್ಮ ಪ್ಯಾನ್ ಹೆಸರಲ್ಲಿ ದಾಖಲಾಗಿರುತ್ತದೆ.

ಅಂದಾಜನ್ನು ನಿಜದ ಜೊತೆ ಹೋಲಿಸಿ

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ಇಡಿ. ಕೊಂಡ ಬೆಲೆ, ಸ್ಟಾಪ್, ಗುರಿ, ಪ್ರಮಾಣ, ಶುಲ್ಕ, ಫಂಡಿಂಗ್, ಅಂದಾಜು ಲಾಭ, ಅಂದಾಜು ನಷ್ಟ. ಇವನ್ನು ಟ್ರೇಡ್‌ಗೆ ಮೊದಲೇ ತುಂಬಿಸಿ. ಮುಗಿದ ಮೇಲೆ ಎಕ್ಸ್‌ಚೇಂಜ್‌ನ ಟ್ರಾನ್ಸಾಕ್ಷನ್ ಹಿಸ್ಟರಿ ತೆಗೆದು ನಿಜವಾದ ಅಂಕಿ ಪಕ್ಕದಲ್ಲಿ ಬರೆಯಿರಿ. ವ್ಯತ್ಯಾಸ ಬಂದರೆ ಮೂರು ಕಡೆ ಹುಡುಕಿ: ಆರ್ಡರ್ ನಿಜವಾಗಿ ಯಾವ ಬೆಲೆಗೆ ಪೂರ್ತಿಯಾಯಿತು, ಮೇಕರ್ ಅಂದುಕೊಂಡಿದ್ದು ಟೇಕರ್ ಆಯಿತೇ, ಫಂಡಿಂಗ್ ದರ ಮಧ್ಯದಲ್ಲಿ ಏರಿತೇ. ಆ್ಯಪ್‌ನ ಪಿಎನ್‌ಎಲ್ (ಲಾಭ-ನಷ್ಟ) ಪುಟ ಒಂದನ್ನೇ ನಂಬಬೇಡಿ, ಕೆಲವು ಕಡೆ ಅದರಲ್ಲಿ ಶುಲ್ಕ ಮತ್ತು ಫಂಡಿಂಗ್ ಸೇರಿರುವುದಿಲ್ಲ. ಹಿಸ್ಟರಿಯನ್ನು ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ರಿಟರ್ನ್ ಹೊತ್ತಿಗೆ ಸಿಎ ಕೇಳುವುದು ಅದನ್ನೇ.